ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಮೇಲೆ ಪಿಎಚ್‌ಡಿ: ಹೊರದೇಶದ ಯಾವ ‘ಸೌತ್ ಏಷ್ಯಾ’ ವಿಭಾಗಕ್ಕೆ ಅರ್ಜಿ ಹಾಕಬೇಕು?

ಡೊಂಬಿವಲಿ ಲೋಕಲ್

ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಮುಗಿದಿದೆ, ಶೇ. 64. ಹಿಡಿಯಬೇಕೆಂದಿರುವ ವಿಷಯ ಮುಂಬಯಿಯ ಕನ್ನಡ ರಾತ್ರಿಶಾಲೆಗಳು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗರ ಶಾಲೆಗಳು, ಸರಿಸುಮಾರು 1920ರಿಂದ 1970ರವರೆಗೆ. ಕನ್ನಡ, ಮರಾಠಿ, ತುಳು ಬರುತ್ತವೆ. ಹಿಂದಿ ಓದಬಲ್ಲೆ. ಇಂಗ್ಲಿಷ್ ಓದುವುದಕ್ಕೆ ತೊಂದರೆಯಿಲ್ಲ, ಬರೆಯುವುದು ನಿಧಾನ.

ಕೇಳಬೇಕಾದದ್ದು ಇಷ್ಟು. ಹಾರ್ವರ್ಡ್, ಶಿಕಾಗೋ, ಹೈಡಲ್‌ಬರ್ಗ್, ಲಂಡನ್ನಿನ ಸೋವಾಸ್, ಸಿಂಗಾಪುರ ಎಂದು ಪಟ್ಟಿ ಮಾಡಿಟ್ಟಿದ್ದೇನೆ. ಇದರಲ್ಲಿ ನನ್ನ ವಿಷಯಕ್ಕೆ ಹೊಂದುವುದು ಯಾವುದು? ಕನ್ನಡ ಇರುವ ಕಡೆಗೇ ಹೋಗಬೇಕೇ? ಕೈಯಿಂದ ಎರಡು ಲಕ್ಷಕ್ಕಿಂತ ಹೆಚ್ಚು ಹಾಕುವ ಸ್ಥಿತಿಯಲ್ಲಿಲ್ಲ, ದಾರಿ ಇದೆಯೇ?

ಯರವಡಾ ಕಟ್ಟೆ (ಪುಣೆ)

ಮೊದಲು ಬೋರ್ಡಿನ ಮೋಸ ತಿಳ್ಕೊಳ್ರಿ. ‘ಸೌತ್ ಏಷ್ಯಾ’ ಅಂತ ಹೆಸರಿಟ್ಟುಕೊಂಡ ಎಲ್ಲಾ ಕಡೆ ಪದವಿ ಕೊಡೋದಿಲ್ಲ. ಹಾರ್ವರ್ಡಿನ ಮಿತ್ತಲ್ ಇನ್‌ಸ್ಟಿಟ್ಯೂಟ್ ಉಪನ್ಯಾಸ, ಕಾರ್ಯಾಗಾರ, ಸಣ್ಣ ಅನುದಾನಗಳ ಜಾಗ. ಪಿಎಚ್‌ಡಿ ಬೇಕಂದ್ರ ಅರ್ಜಿ ಹೋಗಬೇಕಾದ್ದು ಅಲ್ಲಿನ ಸೌತ್ ಏಷ್ಯನ್ ಸ್ಟಡೀಸ್ ವಿಭಾಗಕ್ಕೆ, ಇಲ್ಲಾ ಇತಿಹಾಸ ವಿಭಾಗಕ್ಕೆ. ಬರ್ಕ್ಲಿಯೊಳಗೂ ಹಂಗೇ, ಇನ್‌ಸ್ಟಿಟ್ಯೂಟ್ ಬೇರೆ, ವಿಭಾಗ ಬೇರೆ. ಸಿಂಗಾಪುರದಾಗ ಎನ್‌ಯುಎಸ್ (ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯ) ಒಂದೇ ಆದ್ರೂ ಒಳಗ ಎರಡು ಮನಿ. 2004ರಾಗ ಶುರುವಾದ ಐಸಾಸ್ ವಿದೇಶಾಂಗ ನೀತಿ, ಅರ್ಥವ್ಯವಸ್ಥೆ ನೋಡೋ ಚಿಂತಕರ ಚಾವಡಿ. ನಿಮಗ ಬೇಕಾದ್ದು ಕಲಾ ನಿಕಾಯದೊಳಗಿರೋ ಸೌತ್ ಏಷ್ಯನ್ ಸ್ಟಡೀಸ್ ಪ್ರೋಗ್ರಾಮ್. ದೆಹಲಿ ಜೆಎನ್‌ಯುನ ಸೆಂಟರ್ ಫಾರ್ ಸೌತ್ ಏಷ್ಯನ್ ಸ್ಟಡೀಸ್ ಸೈತ ಅಂತರರಾಷ್ಟ್ರೀಯ ಸಂಬಂಧಗಳ ಶಾಲೆಯೊಳಗದ. ರಾತ್ರಿಶಾಲೆ ಹಿಡ್ಕೊಂಡು ಅಲ್ಲಿಗೆ ಹೋದ್ರ ಯಾರ ಹತ್ರ ಕೂಡ್ತೀರಿ?

ಪದವಿ ಕೊಡೋ ವಿಭಾಗಗಳಲ್ಲೂ ಕಸುಬು ಬೇರೆ ಬೇರೆ. ಶಿಕಾಗೋದ ವಿಭಾಗ ಭಾಷೆ, ಪಠ್ಯದ ಮನಿ. ಎ.ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳೋ ತನಕ ಇದ್ದದ್ದು ಅಲ್ಲೇ. ಪೆನ್ಸಿಲ್ವೇನಿಯಾದ ವಿಭಾಗ 1948ರದ್ದು, ಅಮೆರಿಕದ ಈ ನಮೂನಿ ವಿಭಾಗಗಳಿಗೆಲ್ಲ ಹಿರಿಯಣ್ಣ. ಹೈಡಲ್‌ಬರ್ಗ್‌ನ ಸೌತ್ ಏಷ್ಯಾ ಇನ್‌ಸ್ಟಿಟ್ಯೂಟ್ (1962) ಇತಿಹಾಸ, ಮಾನವಶಾಸ್ತ್ರ, ರಾಜ್ಯಶಾಸ್ತ್ರ, ಭಾಷೆ ಎಲ್ಲಾ ಒಂದೇ ಸೂರಿನಡಿ ಇಟ್ಕೊಂಡದ, ಗ್ರಂಥಾಲಯವಂತೂ ಭಾಳ ದೊಡ್ಡದು. ಗ್ಯೋಟಿಂಗೆನ್‌ನ ಸೆಂಟರ್ ಫಾರ್ ಮಾಡರ್ನ್ ಇಂಡಿಯನ್ ಸ್ಟಡೀಸ್ ನಿಮ್ಮ ಪಟ್ಟಿಯೊಳಗ ಇಲ್ಲ. ಅದೇ ಮೊದಲಿಗೆ ಬರಬೇಕು. ಆಧುನಿಕ ಭಾರತದ ಕಾರ್ಮಿಕ ಇತಿಹಾಸದ ಮ್ಯಾಲೆ ಗಟ್ಟಿ ಕೆಲಸ ಆಗಿರೋ ಜಾಗ ಅದು. ದುಡಿಯೋ ಹುಡುಗರ ಶಾಲೆ ಅಂದ್ರ ಕಾರ್ಮಿಕ ಇತಿಹಾಸನೇ ಅಲ್ಲೇನ್ರಿ?

ಕನ್ನಡ ಕಲಿಸೋ ಕಡೆಗೇ ಹೋಗ್ಬೇಕು ಅನ್ನೋದು ತಪ್ಪು ಲೆಕ್ಕ. ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಾಗ ಕನ್ನಡ, ತುಳು ಎರಡರ ಮ್ಯಾಲೂ ಕೆಲಸ ಆಗೇದ, ಪೆನ್ಸಿಲ್ವೇನಿಯಾದಾಗ ಕನ್ನಡ ಪಾಠ ನಡದದ. ಆದ್ರ ನಿಮಗ ಅವರು ಕನ್ನಡ ಕಲಿಸಬೇಕಾಗಿಲ್ಲ. ಬೇಕಾದ್ದು ದುಡಿಮೆ, ವಲಸೆ, ಶಿಕ್ಷಣದ ಇತಿಹಾಸ ಬಲ್ಲ ಗೈಡು. ಹೆಚ್ಚಂದ್ರ ಸಮಿತಿಯೊಳಗ ಒಬ್ಬರು ಕನ್ನಡ ಓದೋರು ಇರಲಿ, ಅವರು ಬೇರೆ ವಿಶ್ವವಿದ್ಯಾಲಯದವರಾದ್ರೂ ನಡೀತದ.

ಇನ್ನೊಂದು. ಎಂ.ಎ. ಕನ್ನಡ ಇಟ್ಕೊಂಡು ಅಮೆರಿಕದ ಇತಿಹಾಸ ವಿಭಾಗಕ್ಕೆ ನೇರ ಹೋಗೋದು ಕಠಿಣ. ಭಾಷಾ ಬುನಾದಿಯ ವಿಭಾಗಗಳು ಅದನ್ನ ಕೊರತೆ ಅಂತ ನೋಡೋದಿಲ್ಲ. ನಿಮ್ಮ ಮೂರು ಭಾಷೆ ಅಲ್ಲಿ ಬಂಡವಾಳ.

ಫೈವ್ ಗಾರ್ಡನ್ಸ್ (ಮಾಟುಂಗಾ)

ದುಡ್ಡಿನ ವಿಷಯ ನಾನು ಹೇಳ್ತೇನೆ, ಎಡವುವವರೆಲ್ಲ ಎಡವುವುದು ಅಲ್ಲೇ.

ಅಮೆರಿಕ: ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಫೀಸು ಮಾಫಿ, ಮೇಲೆ ಸ್ಟೈಪೆಂಡ್ ಉಂಟು. ಎಂ.ಎ.ಗೆ ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು. ಹಾಗಾಗಿ ‘ಮೊದಲು ಎಂ.ಎ.ಗೆ ಹೋಗಿ ಆಮೇಲೆ ನೋಡುವ’ ಎಂಬ ಯೋಚನೆ ಬೇಡ ಮಾರಾಯ್ರೆ. ವೆಬ್‌ಸೈಟಿನಲ್ಲಿ ಕಾಣುವ ಫ್ಲಾಸ್ ಭಾಷಾ ಫೆಲೋಶಿಪ್ ಅಮೆರಿಕದ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬ್ರಿಟನ್: ಫೆಲಿಕ್ಸ್ ಸ್ಕಾಲರ್‌ಶಿಪ್ ನೋಡಿ. ಸೋವಾಸ್, ಆಕ್ಸ್‌ಫರ್ಡ್, ರೆಡಿಂಗ್‌ಗಳಲ್ಲಿ ಮುಖ್ಯವಾಗಿ ಭಾರತೀಯ ವಿದ್ಯಾರ್ಥಿಗಳಿಗೆ ಇರುವುದು. ಫಸ್ಟ್ ಕ್ಲಾಸ್ ಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ಪಿಗೆ 2,800 ಗಂಟೆಗಳ ಕೆಲಸದ ಅನುಭವ ತೋರಿಸಬೇಕು, ಅದು ಒಂದು ವರ್ಷದ ಸ್ನಾತಕೋತ್ತರಕ್ಕೆ, ಪಿಎಚ್‌ಡಿಗಲ್ಲ. ವೀಸಾಕ್ಕೆ ಬ್ಯಾಂಕಿನಲ್ಲಿ ತೋರಿಸುವ ಹಣ 28 ದಿನ ಸತತವಾಗಿ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಮತ್ತೆ ಮೊದಲಿನಿಂದ ಎಣಿಕೆ.

ಜರ್ಮನಿ: ಗ್ಯೋಟಿಂಗೆನ್‌ನಲ್ಲಿ ಟ್ಯೂಷನ್ ಫೀಸು ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಹೈಡಲ್‌ಬರ್ಗ್ ಇರುವುದು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ 2017ರ ಚಳಿಗಾಲದಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ನಾಲ್ಕು ಸೆಮಿಸ್ಟರಿನ ಎಂ.ಎ.ಗೆ 6,000 ಆಯಿತು. ‘ಜರ್ಮನಿ ಫ್ರೀ’ ಎಂದು ನಂಬಿದವರು ಇಲ್ಲಿ ಬೀಳುತ್ತಾರೆ. ಪಿಎಚ್‌ಡಿಗೆ ಈ ಫೀಸು ಇಲ್ಲ. ಅದರ ಮೇಲೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್, 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ. ಅದು ಖರ್ಚಲ್ಲ, ತಿಂಗಳಿಗೆ 992ರಂತೆ ನಿಮಗೇ ಹಿಂದೆ ಬರುತ್ತದೆ, ಆದರೆ ಹೊರಡುವ ಮೊದಲು ಇಡೀ ಮೊತ್ತ ಕಟ್ಟಿರಬೇಕು. ಎರಡು ಲಕ್ಷದಲ್ಲಿ ಅದು ಆಗುವ ಮಾತಲ್ಲ. ಡಾಡ್ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಕೊಡುವಂಥ ಸ್ಕಾಲರ್‌ಶಿಪ್ ಅಥವಾ ಪ್ರಾಜೆಕ್ಟಿನ ಸಂಬಳದ ಹುದ್ದೆ ಸಿಕ್ಕಿದರೆ ಆ ಪತ್ರವೇ ಹಣದ ಪುರಾವೆ ಆಗುತ್ತದೆ.

ಅಂಕಪಟ್ಟಿಗಳು ಅಸಲಿಯೇ ಎಂದು ನೋಡಿ ಜರ್ಮನಿಯವರು ಕೊಡುವ ಎಪಿಎಸ್ ಸರ್ಟಿಫಿಕೇಟ್ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರಿನಿಂದ ಸಾಮಾನ್ಯವಾಗಿ ಕಡ್ಡಾಯ, ಫೀಸು 18,000 ರೂಪಾಯಿ. ಇದಕ್ಕೆ ಕಾಗದ ಕಳಿಸುವ ಮೊದಲು ಒಂದು ಸಂಜೆ ಕೂತು ಹೆಸರು ತಾಳೆ ನೋಡಿ. ನಮ್ಮವರಿಗೆ ಇದು ಖಾಯಂ ಗೋಳು. ಎಸ್ಸೆಸ್ಸೆಲ್ಸಿ ಊರಿನಲ್ಲಿ ಆಗಿದ್ದರೆ ಅಂಕಪಟ್ಟಿಯಲ್ಲಿ ‘ರಮೇಶ ಕೆ.’ ಎಂದಿರುತ್ತದೆ. ಮುಂಬಯಿ ಮಾರ್ಕ್‌ಶೀಟಿನಲ್ಲಿ ಅಡ್ಡಹೆಸರು ಮೊದಲು ಬಂದು ‘ಪೂಜಾರಿ ರಮೇಶ ಕೊರಗ’, ಪಕ್ಕದಲ್ಲಿ ತಾಯಿಯ ಹೆಸರೂ ಸೇರಿರುತ್ತದೆ. ಪಾಸ್‌ಪೋರ್ಟಿನಲ್ಲಿ ‘ರಮೇಶ ಪೂಜಾರಿ’. ಪರದೇಶದ ಗುಮಾಸ್ತನ ಕಣ್ಣಿಗೆ ಮೂರು ಜನ! ಅಫಿಡವಿಟ್, ಬೇಕಾದರೆ ಗೆಜೆಟ್, ಮೊದಲೇ ಮಾಡಿಸಿ. ಕ್ರಮ ಹೀಗೆ: ಪಾಸ್‌ಪೋರ್ಟ್, ಹೆಸರಿನ ಅಫಿಡವಿಟ್, ಎಪಿಎಸ್, ಪ್ರವೇಶ, ಹಣದ ಪುರಾವೆ, ವೀಸಾ.

ಕೊನೆಗೆ, ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಉಂಟಲ್ಲ, ಅದರ 2022ರ ನಿಯಮಗಳಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಮೇಲಿನ ಸಾಮಾಜಿಕ ಅಧ್ಯಯನ ಇವನ್ನೆಲ್ಲ ಹೊರಗಿಟ್ಟರು. ಅಂದರೆ ಈ ಚರ್ಚೆಯ ವಿಷಯವನ್ನೇ ಹೊರಗಿಟ್ಟ ಹಾಗೆ. ಅರ್ಜಿಗೆ ಮುಂಚೆ ಆ ವರ್ಷದ ಮಾರ್ಗಸೂಚಿಯ ಆ ಒಂದು ಸಾಲನ್ನು ಓದಿ.

ಡೊಂಬಿವಲಿ ಲೋಕಲ್

ಇಬ್ಬರಿಗೂ ಧನ್ಯವಾದ. ಹೆಸರು ನೋಡಿದೆ, ನನ್ನದೂ ಮೂರು ರೂಪದಲ್ಲಿದೆ. ಪ್ರಪೋಸಲ್ ಹೇಗೆ ಶುರು ಮಾಡುವುದು? ಆಕರಗಳು ಎಲ್ಲಿವೆ ಎಂದು ಬರೆಯಬೇಕಂತೆ. ನನಗೆ ಗೊತ್ತಿರುವುದು ಸಂಘಗಳ ಸ್ಮರಣ ಸಂಚಿಕೆಗಳು ಮಾತ್ರ.

ಮಾಂಡವಿ ದಂಡೆ (ಪಣಜಿ)

ಸ್ಮರಣ ಸಂಚಿಕೆಯಿಂದಲೇ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಅದರಲ್ಲಿ ಅಧ್ಯಕ್ಷರ ಫೋಟೋ ಇರುತ್ತದೆ, ಹುಡುಗರ ಹಾಜರಿ ಇರುವುದಿಲ್ಲ.

ಸರ್ಕಾರಿ ಕಡತಗಳಿಗೆ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ಶಿಕ್ಷಣ ಇಲಾಖೆಯ ಸಂಪುಟಗಳನ್ನು ಕೇಳಿ. ನಿಮ್ಮ ವಿಭಾಗದ ಪತ್ರ ಜೊತೆಗಿರಲಿ. ಸೂಚಿಯಲ್ಲಿ ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗದು. ಬ್ರಿಟಿಷರ ಕಾಲದ ಕಾಗದದಲ್ಲಿ ಅದು ‘ಕ್ಯಾನರೀಸ್’. ಜನಗಣತಿಯ ಕೋಷ್ಟಕದಲ್ಲೂ ಅದೇ, ತುಳುವಿನ ಲೆಕ್ಕ ಬೇರೆ. ಮನೆಯಲ್ಲಿ ತುಳು ಆಡುವ ಹುಡುಗ ಕನ್ನಡ ಶಾಲೆಗೆ ಹೋದಾಗ ಭಾಷೆಯ ಪಟ್ಟಿ ಒಂದು ಹೇಳುತ್ತದೆ, ಶಾಲೆಯ ಪಟ್ಟಿ ಇನ್ನೊಂದು. ಪ್ರಬಂಧದ ಒಂದು ಅಧ್ಯಾಯವೇ ಅಲ್ಲಿ ಕೂತಿದೆ.

ಗಡಿಯ ಲೆಕ್ಕವೂ ಗೊತ್ತಿರಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಬಂತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು, 1956ರವರೆಗೂ. ಹಾಗಾಗಿ ಧಾರವಾಡ, ಕಾರವಾರದ ಶಾಲೆಗಳ ಕಡತ ನಿಮ್ಮ ಕೈಗೆಟಕುವ ಫೋರ್ಟಿನ ಅದೇ ಪತ್ರಾಗಾರದಲ್ಲಿದೆ, ಹೋಟೆಲಿನ ಹುಡುಗರು ಬಿಟ್ಟುಬಂದ ಉಡುಪಿ, ಕುಂದಾಪುರದ ಕಡತ ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿದೆ. ಪ್ರಪೋಸಲ್‌ನಲ್ಲಿ ಈ ಎರಡು ಸಾಲು ಕಂಡರೆ ಓದುವವರು ನಿಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಬಸೆಲ್ ಮಿಷನ್ನಿನ ದಾಖಲೆ ಸ್ವಿಟ್ಜರ್‌ಲ್ಯಾಂಡಿನ ಬಸೆಲ್‌ನಲ್ಲಿದೆ, ಕರಾವಳಿಯ ಶಾಲೆಗಳ ಹಿನ್ನೆಲೆಗೆ ಬೇಕಾಗಬಹುದು. ಕಾರ್ಮಿಕ ಸಮೀಕ್ಷೆ, ಕೂಲಿ, ಬಾಡಿಗೆಯ ಮುದ್ರಿತ ವರದಿಗಳಿಗೆ ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟಿನ ಗ್ರಂಥಾಲಯ. ನಮ್ಮ ಪಣಜಿಯ ಪತ್ರಾಗಾರದಲ್ಲಿ ನಿಮಗೆ ಹೆಚ್ಚೇನಿಲ್ಲ. ಕನ್ನಡದ ನೆಂಟಸ್ತಿಕೆಯ ಗೋಯ್‌ಕಾನಡಿ ಲಿಪಿ ಹಿಡಿಯುವವರು ಬಂದರೆ ಮಾತ್ರ ಹಬ್ಬ.

ಇನ್ನು ಕನ್ನಡ ಪುಸ್ತಕ. ಅಮೆರಿಕದ ಗೋಧಿಗೆ ಭಾರತ ಕೊಟ್ಟ ರೂಪಾಯಿಯಲ್ಲಿ, ಪಿ.ಎಲ್. 480 ಎಂಬ ಕಾನೂನಿನಡಿ, 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತ ಬಂತು. ಮಾಟುಂಗಾದಲ್ಲಿ ಗೆದ್ದಲು ತಿಂದ ಸಂಚಿಕೆ ಶಿಕಾಗೋದ ಕಪಾಟಿನಲ್ಲಿ ಇದ್ದರೂ ಇದ್ದೀತು. ಗ್ರಂಥಾಲಯಗಳ ಜಾಗತಿಕ ಆನ್‌ಲೈನ್ ಸೂಚಿ ವರ್ಲ್ಡ್‌ಕ್ಯಾಟ್‌ನಲ್ಲಿ ನೋಡಿ. ಹುಡುಕುವ ರೀತಿ ಮಾತ್ರ ಬೇರೆ. ಅವರು ರೋಮನ್ ಲಿಪಿಗೆ ಇಳಿಸುವಾಗ ‘ಶ’ಕ್ಕೆ ಎಸ್ ಮೇಲೊಂದು ಗೀಟು, ಎಚ್ ಇಲ್ಲ. ‘ಶಾಲೆ’ ಬೇಕಿದ್ದರೆ ಎಸ್, ಎ, ಎಲ್, ಇ. ದೀರ್ಘಕ್ಕೆ ಎರಡು ಎ ಹಾಕಬೇಡಿ. ‘ಸಂಘ’ದ ಸೊನ್ನೆಗೆ ಎಂ ಅಲ್ಲ, ಎನ್. ಗೀಟು, ಚುಕ್ಕಿ ಹಾಕದಿದ್ದರೂ ಸಿಗುತ್ತದೆ, ಅಕ್ಷರ ತಪ್ಪಿದರೆ ಸಿಗುವುದಿಲ್ಲ.

ಪ್ರಪೋಸಲ್‌ನ ಮೊದಲ ವಾಕ್ಯ. ‘ಮುಂಬಯಿ ಕನ್ನಡಿಗರ ಕೊಡುಗೆ ಅಪಾರವಾದುದು’ ಎಂದು ಆರಂಭಿಸಿದರೆ ಅಲ್ಲೇ ಮುಗಿಯಿತು, ಅದು ಸನ್ಮಾನಪತ್ರ. ಹೀಗೆ ನೋಡಿ: ‘ರಾತ್ರಿ ಹೋಟೆಲಿನ ಕೆಲಸವಿದ್ದೂ ಮಾಲೀಕರು ಹುಡುಗರನ್ನು ಶಾಲೆಗೆ ಬಿಟ್ಟದ್ದೇಕೆ, ಆ ಓದು ಅವರನ್ನು ಹೋಟೆಲಿನಿಂದ ಹೊರಗೆ ಒಯ್ದಿತೇ, ಅಥವಾ ಗಲ್ಲಾಪೆಟ್ಟಿಗೆಯವರೆಗೆ ಮಾತ್ರವೇ?’ ಇದು ಪ್ರಶ್ನೆ. ಇದಕ್ಕೆ ಉತ್ತರ ಯಾವ ಕಡತದಲ್ಲಿ ಸಿಗಬಹುದು ಎಂಬುದು ಎರಡನೇ ಪ್ಯಾರಾ.

ಫೈವ್ ಗಾರ್ಡನ್ಸ್ (ಮಾಟುಂಗಾ)

ನನ್ನದೊಂದು ತಕರಾರು. ಎಲ್ಲರೂ ಹೊರಗೇ ಕಳಿಸುತ್ತಿದ್ದೀರಿ. ಆಕರ ಮುಕ್ಕಾಲು ಪಾಲು ಇಲ್ಲೇ ಇರುವಾಗ, ಯುಜಿಸಿಯ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಸಂಶೋಧನಾ ಫೆಲೋಶಿಪ್ ತೆಗೆದರೆ 2023ರಿಂದ ತಿಂಗಳಿಗೆ 37,000 ಮತ್ತು ಮನೆಬಾಡಿಗೆ ಭತ್ಯೆ. ಕಲಿನಾದಲ್ಲೇ ನೋಂದಣಿ ಮಾಡಿಕೊಂಡು, ಆಮೇಲೆ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್ಪಿಗೆ ಹಾಕಬಹುದು. ಆರರಿಂದ ಒಂಬತ್ತು ತಿಂಗಳು ಅಲ್ಲಿನ ಗ್ರಂಥಾಲಯ, ಗೈಡು ಎರಡೂ ಸಿಗುತ್ತವೆ, ಕೈಯಿಂದ ಪೈಸೆ ಹೋಗುವುದಿಲ್ಲ.

ಯರವಡಾ ಕಟ್ಟೆ (ಪುಣೆ)

ಇದು ಒಪ್ಪೋ ಮಾತು. ಆದ್ರ ಎರಡೂ ಕೂಡಿ ನಡೀಲಿ, ಒಂದಕ್ಕೊಂದು ಅಡ್ಡ ಬರೋದಿಲ್ಲ. ಅಮೆರಿಕದ ಪಿಎಚ್‌ಡಿ ಅರ್ಜಿ ಡಿಸೆಂಬರಿಗೆ ಮುಗೀತಾವ, ಅಂದ್ರ ಪ್ರಾಧ್ಯಾಪಕರಿಗೆ ಮೇಲ್ ಸೆಪ್ಟೆಂಬರಿನಾಗ ಹೋಗಬೇಕು. ಜರ್ಮನಿಯಲ್ಲಿ ಗೈಡು ಒಪ್ಪದ ಹೊರತು ಪಿಎಚ್‌ಡಿ ಅರ್ಜಿಗೆ ಅರ್ಥನೇ ಇಲ್ಲ, ಅಲ್ಲಿ ಮೇಲೇ ಮೊದಲ ಮೆಟ್ಟಿಲು. ಎಂಟು ಹತ್ತು ಸಾಲು ಸಾಕು. ಮೊದಲಿಗೆ ನಿಮ್ಮ ಪ್ರಶ್ನೆ, ಆಮ್ಯಾಲೆ ಅವರ ಯಾವ ಕೆಲಸ ಓದಿ ಬರೀತಿದ್ದೀರಿ, ನಿಮ್ಮ ಭಾಷೆಗಳು, ಕೊನೆಗೆ ‘ಈ ವರ್ಷ ವಿದ್ಯಾರ್ಥಿ ತಗೋತೀರೇನು’. ಒಂದು ಪುಟದ ಪಿಡಿಎಫ್ ಜೋಡಿಸಿ. ಎಂ.ಎ. ಪ್ರಬಂಧ ಇಡೀ ಕಳಿಸಬ್ಯಾಡ್ರಿ.

ಬರವಣಿಗೆಯ ಮಾದರಿ ಇಂಗ್ಲಿಷಿನಾಗೇ ಕೇಳ್ತಾರ, ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಪುಟ. ನಿಮಗ ನಿಧಾನ ಆಗೋದು ಅದೇ ಅಂದ್ರಲ್ಲ, ಹಂಗಾದ್ರ ಇವತ್ತೇ ಅದನ್ನ ಹಿಡೀರಿ. ಕನ್ನಡ ಪ್ರಬಂಧದ ಒಂದು ಅಧ್ಯಾಯ ಅನುವಾದ ಮಾಡೋಕ್ಕಿಂತ ಒಂದು ಸ್ಮರಣ ಸಂಚಿಕೆ ಮುಂದಿಟ್ಕೊಂಡು ಹೊಸದಾಗಿ ಬರದ್ರ ಚಲೋ. ಕನ್ನಡ ಉಲ್ಲೇಖ ಮೂಲದಾಗೇ ಕೊಟ್ಟು, ಕೆಳಗ ನಿಮ್ಮದೇ ಅನುವಾದ ಹಾಕ್ರಿ.

ಡೊಂಬಿವಲಿ ಲೋಕಲ್

1950ರ ದಶಕದ ಒಂದು ಸಂಚಿಕೆ ಕೈಯಲ್ಲಿದೆ, ಹಿಂಬದಿಯಲ್ಲಿ ಹೋಟೆಲುಗಳ ಜಾಹೀರಾತು ಹನ್ನೊಂದು ಪುಟ. ಅಲ್ಲಿಂದಲೇ ಶುರು ಮಾಡುತ್ತೇನೆ. ನಾಳೆ ಅಫಿಡವಿಟ್‌ಗೆ ಕೋರ್ಟು.