ನಟ್ಟು ಬೋಲ್ಟಿನ ಮದುಮಗಳು

ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟಿನ ಜಡಿಮಳೆ. ಕರೆಂಟ್ ಹೋಗಿ ಎರಡು ದಿನ. ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಜನ ಬೆಲ್ಲದ ಕಾಪಿ ಕುಡಿಯುತ್ತಾ ಕೂತಿದ್ದೆವು. ಟಿವಿ ಇಲ್ಲ. ಮೊಬೈಲ್ ಸತ್ತಿದೆ. ಕಾಪಿ ರೇಟಿನ ಬಗ್ಗೆ ಬಯ್ದದ್ದೂ ಮುಗಿದಿದೆ. ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣು ಜಗಲಿ ಕಟ್ಟೆಯ ಮೇಲಿನ ನನ್ನ ವಿಲೋ ಬೊನ್ಸಾಯ್ ಗಿಡದ ಮೇಲೇ ಬೀಳುವುದು.

"ಇದಕ್ಕೆ ಎಷ್ಟು ವರ್ಷ ಆಯ್ತು?" ಟೈಲರ್ ಇಕ್ಕ ಶುರು ಮಾಡಿದರು.

"ಮೊನ್ನೆ ಜೂನಿಗೆ ಆರು ತುಂಬಿತು."

"ನನ್ನ ಮೊಮ್ಮಗಳಿಗೂ ಆರು. ಅವಳು ಒಂದನೇ ಕ್ಲಾಸಿಗೆ ಹೋಗ್ತಾಳೆ. ಇದು ಇನ್ನೂ ತಟ್ಟೆಯಲ್ಲೇ ಕೂತಿದೆಯಲ್ಲ ಮಾರಾಯ!"

"ತಟ್ಟೆಯಲ್ಲೇ ಕೂರಬೇಕು ಇಕ್ಕ," ಅಂದರು ಮೇಷ್ಟ್ರು. ರಿಟೈರ್ ಆಗಿ ಹನ್ನೊಂದು ವರ್ಷವಾದರೂ ಅವರ ಪಾಠ ಮುಗಿದಿಲ್ಲ. "ಬೊನ್ ಅಂದರೆ ತಟ್ಟೆ. ಸಾಯ್ ಅಂದರೆ ನೆಡುವುದು. ಜಪಾನಿ ಮಾತು."

"ನಮ್ಮ ಕಡೆ ಸಾಯ್ ಅಂದರೆ ಬೇರೆ ಅರ್ಥ ಮೇಷ್ಟ್ರೇ," ಅಂದ ಕಾಪಿ ತೋಟದ ಲೆಕ್ಕ ಬರೆಯುವ ರೈಟರ್. "ಇವನು ಆರು ವರ್ಷದಿಂದ ಅದಕ್ಕೆ ಅದನ್ನೇ ಹೇಳ್ತಾ ಇದ್ದಾನೆ. ಅದು ಕೇಳ್ತಾ ಇಲ್ಲ, ಅಷ್ಟೇ."

ರೈಟರ್‌ಗೆ ಈ ಗಿಡದ ಮೇಲೆ ಒಂದು ಹಳೇ ಸಿಟ್ಟಿದೆ. ಅದನ್ನು ಮೊದಲು ಹೇಳಿಬಿಡಬೇಕು.

ಆರು ವರ್ಷದ ಕೆಳಗೆ ಊಟಿಯಲ್ಲಿ ಹಳೆಯ ಸ್ನೇಹಿತನ ಮನೆಗೆ ಹೋಗಿದ್ದೆ. ಅವನ ಹಿತ್ತಲಿನ ವಿಲೋ ಮರ ಸವರುತ್ತಿದ್ದರು. ಮಣಿಕಟ್ಟಿನಷ್ಟು ದಪ್ಪದ ಒಂದು ಕೊಂಬೆ ಜೀಪಿಗೆ ಹಾಕಿಕೊಂಡು ಬಂದೆ. ಮನೆಗೆ ಬಂದು ಎರಡು ತುಂಡು ಮಾಡಿದೆ. ಒಂದನ್ನು ಬಚ್ಚಲಿನ ಬಕೆಟ್ಟಿನಲ್ಲಿ ನಿಲ್ಲಿಸಿ ಮರೆತುಬಿಟ್ಟೆ. ಹತ್ತು ಹನ್ನೆರಡು ದಿನಕ್ಕೆ ನೋಡಿದರೆ ತೊಗಟೆಯ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕಿಗಳು. ಇನ್ನೊಂದು ವಾರಕ್ಕೆ ನೂಪುಟ್ಟಿನ ಶಾವಿಗೆ ಎಳೆಯ ಹಾಗೆ ಬೇರು.

"ನಮ್ಮ ಹಾಲುವಾಣದ ಹಾಗೇ ಅನ್ನಿ," ಅಂದರು ಇಕ್ಕ. "ಮೆಣಸಿನ ಬಳ್ಳಿ ಹಬ್ಬಿಸೋಕೆ ಜೂನಿನಲ್ಲಿ ಗೂಟ ಊರಿದರೆ ಸಾಕು, ಚಿಗುರುತ್ತೆ."

"ಚಿಗುರುತ್ತೆ ಅಂತ ನನಗೆ ಯಾರೂ ಹೇಳಲಿಲ್ಲ!" ರೈಟರ್ ಕಾಪಿ ಲೋಟ ಕೆಳಗಿಟ್ಟ.

ಎರಡನೇ ತುಂಡನ್ನು ಅವನೇ ಕೇಳಿ ತೆಗೆದುಕೊಂಡು ಹೋದದ್ದು. ಬೀನ್ಸ್ ಬಳ್ಳಿಗೆ ಊರುಗೋಲು ಬೇಕಿತ್ತಂತೆ. ಬೀನ್ಸ್ ಆ ವರ್ಷವೇ ಮುಗಿಯಿತು. ಗೂಟ ಮುಗಿಯಲಿಲ್ಲ. ಈಗ ಅವನ ಮನೆಯ ಹಿಂದೆ, ತೋಡಿನ ಪಕ್ಕ, ಇಪ್ಪತ್ತೈದು ಅಡಿಯ ಮರ ನಿಂತಿದೆ. ಕೊಂಬೆಗಳು ನೀರಿಗೆ ತಾಗುವಷ್ಟು ಇಳಿಬಿದ್ದಿವೆ. ಮದುವೆ ಆದವರು ಫೋಟೋ ತೆಗೆಸಲು ಬರುತ್ತಾರೆ. ಬೇರು ಮಾತ್ರ ಬಚ್ಚಲ ಪೈಪಿನೊಳಗೆ ಹೋಗಿ ಎರಡು ಸಲ ಪೈಪ್ ಬದಲಾಯಿಸಿದ್ದಾನೆ. ವಿಲೋ ಬೇರು ನೀರಿನ ವಾಸನೆ ಹಿಡಿದರೆ ಬಿಡುವುದಿಲ್ಲ.

ಒಂದೇ ಕೋಲು, ಒಂದೇ ವಯಸ್ಸು. ಯಾರೂ ನೋಡದೆ ಬಿಟ್ಟದ್ದು ಹಾಗೆ. ನಾನು ದಿನಾ ನೋಡಿದ್ದು ಒಂದೂವರೆ ಅಡಿ. ಇದನ್ನು ಬಿಡಿಸಿ ಹೇಳಲು ಹೋಗಬೇಡಿ, ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ.

"ಇದರ ಮರದಲ್ಲಿ ಹಾಕಿ ಸ್ಟಿಕ್ ಆಗುತ್ತಾ?" ಇಕ್ಕ ಕೇಳಿದರು. 1997ರಿಂದ ಮನೆತನಗಳ ಹಾಕಿ ಹಬ್ಬ ನಡೆಸುವ ನಾಡಿನಲ್ಲಿ ಮರದ ಯೋಗ್ಯತೆ ಅಳೆಯುವುದು ಹೀಗೆಯೇ.

"ಸ್ಟಿಕ್ಕಿಗೆ ಹಿಪ್ಪುನೇರಳೆ. ವಿಲೋ ಕ್ರಿಕೆಟ್ ಬ್ಯಾಟಿಗೆ. ಕಾಶ್ಮೀರದ ಬ್ಯಾಟ್ ಇದರ ಅಣ್ಣನದ್ದು," ಅಂದೆ.

"ಹಾಗಾದರೆ ಕೊಡಗಿಗೆ ಬೇಡ," ಅಂತ ಇಕ್ಕ ತೀರ್ಪು ಕೊಟ್ಟರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇದರದ್ದೇ ಕುಲದ ನೀರವಂಜಿ ನಮ್ಮ ಹೊಳೆ ದಡದಲ್ಲೇ ಬೆಳೆಯುತ್ತೆ. ಇವನಿಗೆ ಅದು ಕಾಣಲ್ಲ, ಊಟಿಯದ್ದೇ ಆಗಬೇಕು. ಇದರ ಹೆಸರೇ ಒಂದು ತಪ್ಪು, ಗೊತ್ತಾ? ಬ್ಯಾಬಿಲೋನಿನ ನದಿ ದಡದಲ್ಲಿ ಜನ ಕೂತು ಅತ್ತರು, ಮರಗಳಿಗೆ ತಮ್ಮ ಕಿನ್ನರಿ ತೂಗುಹಾಕಿದರು ಅಂತ ಬೈಬಲ್ಲಿನಲ್ಲಿದೆ. ಲಿನೇಯಸ್ ಅನ್ನುವ ಪಂಡಿತ ಅದು ಇದೇ ಮರ ಅಂದುಕೊಂಡು ಸಾಲಿಕ್ಸ್ ಬ್ಯಾಬಿಲೋನಿಕಾ ಅಂತ ಹೆಸರಿಟ್ಟ. ಅಸಲಿಗೆ ಇದರ ತವರು ಚೀನಾ. ಬ್ಯಾಬಿಲೋನಿನದ್ದು ಪಾಪ್ಲರ್ ಮರ."

"ಅಂದರೆ ಆಧಾರ್ ಕಾರ್ಡಿನಲ್ಲೇ ವಿಳಾಸ ತಪ್ಪು," ಅಂದ ರೈಟರ್. "ತಿದ್ದಿಸೋಕೆ ಹೋದರೆ ಸರ್ವರ್ ಇಲ್ಲ ಅಂತಾರೆ, ಬಿಡಿ."

ನನಗೆ ಮಾತ್ರ ಆ ತೂಗುಹಾಕಿದ ಕಿನ್ನರಿಯ ಕಥೆ ಕೇಳಿ ಸಮಾಧಾನ ಆಯಿತು. ಮರಕ್ಕೆ ಏನಾದರೂ ನೇತುಹಾಕಿದ ಮೊದಲ ಮನುಷ್ಯ ನಾನಲ್ಲವಲ್ಲ.

ವಿಷಯ ಏನೆಂದರೆ, ವೀಪಿಂಗ್ ವಿಲೋ, ಅಂದರೆ ಅಳುವ ಮರ ಅಂತ ಹೆಸರಿದ್ದರೂ ತಟ್ಟೆಯಲ್ಲಿ ಇದು ಅಳುವುದಿಲ್ಲ. ದೊಡ್ಡ ಮರವಾದರೆ ಉದ್ದ ಕಡ್ಡಿಗಳು ತಮ್ಮ ಭಾರಕ್ಕೆ ತಾವೇ ಇಳಿಬೀಳುತ್ತವೆ. ಗೇಣುದ್ದದ ಕಡ್ಡಿಗೆ ಭಾರ ಎಲ್ಲಿಂದ ಬರಬೇಕು? ಸೀದಾ ಆಕಾಶ ನೋಡುತ್ತದೆ. ಪ್ರತಿ ಜನವರಿಗೆ ನಾಲ್ಕು ಮುಖ್ಯ ಕೊಂಬೆ ಬಿಟ್ಟು ಉಳಿದದ್ದೆಲ್ಲ ಬೋಳು ಮಾಡುತ್ತೇನೆ, ತೋಟದಲ್ಲಿ ಮರಗಸಿ ಮಾಡಿದ ಹಾಗೆ. ಮಣ್ಣೂ ಆಗಲೇ ಬದಲು. ಬೇರು ವರ್ಷದೊಳಗೆ ತಟ್ಟೆ ತುಂಬಿಬಿಡುತ್ತದೆ. ಮಾರ್ಚಿಗೆ ಚಿಗುರು ಹೊರಟು ಪೊರಕೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಚಿಗುರು ಸ್ವಲ್ಪ ಬಲಿತ ಮೇಲೆ ಒಂದೊಂದಕ್ಕೂ ತಂತಿ ಸುತ್ತಿ ಬಗ್ಗಿಸಬೇಕು. ಎಳೆಯದಿದ್ದಾಗ ಕೈ ಹಾಕಿದರೆ ಬುಡದಲ್ಲೇ ಪಟ್ ಅಂತ ಕಿತ್ತು ಬರುತ್ತದೆ. ನನ್ನ ದಪ್ಪ ಬೆರಳಿಗೆ ತಂತಿ ಒಗ್ಗದೆ, ಕೊನೆಗೆ ಕೊಂಬೆ ಕೊಂಬೆಗೂ ದಾರ ಕಟ್ಟಿ ನಟ್ಟು, ಬೋಲ್ಟು, ಹಳೇ ಬೀಗದ ಕೀ ಎಲ್ಲ ತೂಗುಹಾಕಿದೆ. ಜೋಮಾಲೆ, ಕೊಕ್ಕೆತಾತಿ ಎಲ್ಲ ಹಾಕಿಕೊಂಡ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತಿದೆ. ಗಾಳಿ ಬಂದರೆ ಕಿಣಿಕಿಣಿ ಅನ್ನುತ್ತದೆ.

ಅಷ್ಟೆಲ್ಲ ಮಾಡಿದರೂ ನಿಯತ್ತಿಲ್ಲ. ಎಡಗಡೆಯ ಕೊಂಬೆಯೊಂದನ್ನು ಎರಡು ವರ್ಷ ತಿದ್ದಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಕಾರಣವೇ ಹೇಳದೆ ಒಣಗಿದೆ. ವಿಲೋ ಬುದ್ಧಿಯೇ ಹಾಗೆ. ಬೇಕಾದ ಕೊಂಬೆ ಬಿಡುತ್ತದೆ, ಬೇಡದ ಕಡೆ ಹತ್ತು ಹುಟ್ಟಿಸುತ್ತದೆ.

"ನಮ್ಮ ಸಂಘದ ಹಾಗೆ," ಅಂದರು ಇಕ್ಕ. ಯಾವ ಸಂಘ ಅಂತ ಯಾರೂ ಕೇಳಲಿಲ್ಲ.

ಕಾಪಿ ಲೋಟ ಎತ್ತಲು ಬಂದ ನನ್ನ ಹೆಂಡತಿ ನೀರಿನ ಕಥೆ ತೆಗೆದಳು. ಏಪ್ರಿಲ್‌ನಲ್ಲಿ ಇದರ ತಟ್ಟೆಯನ್ನು ನೀರು ತುಂಬಿದ ಬೇಸಿನ್ನಿನಲ್ಲೇ ಇಡಬೇಕು. ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಖಾಲಿ. ಒಂದು ದಿನ ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದವರು, "ಡೆಂಗ್ಯೂ ಸಾಕ್ತಾ ಇದ್ದೀರಾ ಅಣ್ಣ?" ಅಂತ ಬೇಸಿನ್ ಬಗ್ಗಿಸಿಯೇ ಹೋದರು. ಆಮೇಲೆ ಗಪ್ಪಿ ಮೀನು ಬಿಟ್ಟೆ. ಮೀನಿಗೆ ಬೆಕ್ಕು ಬಂತು.

"ಬೆಕ್ಕಿಗೆ ನಾನು ಹಾಲು ಹಾಕ್ತಾ ಇದ್ದೇನೆ," ಅಂದಳು. "ಒಂದು ಗಿಡ ಸಾಕೋಕೆ ಮನೆ ತುಂಬ ಸಂಸಾರ, ನೋಡಿ ಮೇಷ್ಟ್ರೇ."

ಮೇಷ್ಟ್ರು ನನ್ನ ಪರ ನಿಂತರು. "ಇಲ್ಲಮ್ಮ, ಉಪಯೋಗದ ಮರ. ವಿಲೋ ತೊಗಟೆಯಲ್ಲಿ ಸ್ಯಾಲಿಸಿನ್ ಅಂತ ಇದೆ. ನೋವಿಗೆ ಹಿಂದಿನಿಂದಲೂ ಬಳಸ್ತಿದ್ದರು. ಆ ಜಾಡು ಹಿಡಿದೇ 1897ರಲ್ಲಿ ಜರ್ಮನಿಯಲ್ಲಿ ಆಸ್ಪಿರಿನ್ ಮಾಡಿದ್ದು."

ಇಕ್ಕ ಮೊದಲ ಸಲ ಗಿಡವನ್ನು ಮರ್ಯಾದೆಯಿಂದ ನೋಡಿದರು. "ಮಂಡಿ ನೋವಿಗೆ ಎಷ್ಟು ಬೇಕಾಗಬಹುದು?"

"ನಾಡಿದ್ದು ಕಕ್ಕಡ ಹದಿನೆಂಟು," ಅಂದ ರೈಟರ್. "ಅವತ್ತು ಮನೆಮನೆಯಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸಕ್ಕೆ ಇದನ್ನೂ ಹಾಕಿ ಕುದಿಸಿಬಿಡಿ. ಒಂದೇ ಏಟಿಗೆ ಎರಡು ಮದ್ದು."

ನಾನು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡೆ. ಕಿಣಿಕಿಣಿ ಅಂತು. ಅದೇ ತಪ್ಪಾಯಿತು. ರೈಟರ್ ಬಗ್ಗಿ ನೋಡಿದ. ಬಲಗಡೆಯ ಕೊಂಬೆಯ ದೊಡ್ಡ ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.

"ಇದು ನಮ್ಮ ಪಲ್ಪರ್‌ದಲ್ವಾ?"

ಪಲ್ಪರ್ ಅಂದರೆ ಕಾಪಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನು. ಮಳೆ ಜೋರಾಯಿತು. ನಾನು ಮಳೆ ನೋಡಿದೆ.

"ಹೋದ ಡಿಸೆಂಬರಿನಲ್ಲಿ ಅರ್ಧ ದಿನ ಪಲ್ಪರ್ ನಿಂತಿತ್ತು! ಹಣ್ಣು ರಾಶಿ ಬಿದ್ದಿತ್ತು! ಇದೊಂದಕ್ಕೆ ಕುಶಾಲನಗರಕ್ಕೆ ಹೋಗಿ ಬಂದೆ ನಾನು!"

"ನೆಲದ ಮೇಲೆ ಬಿದ್ದಿತ್ತು," ಅಂದೆ.

"ಬಿಚ್ಚಿಟ್ಟದ್ದಕ್ಕೇ ನೆಲದ ಮೇಲೆ ಇದ್ದದ್ದು. ಸರ್ವಿಸ್ ಮಾಡ್ತಾ ಇದ್ದೆವು!"

ದಾರವನ್ನು ಅವನೇ ಬಿಚ್ಚಿದ. ಏಳೂವರೆ ತಿಂಗಳು ನೇತಾಡಿದ ನಟ್ಟು ಅವನ ಅಂಗೈಗೆ ಬಂತು. ಎಲ್ಲರೂ ಕೊಂಬೆಯನ್ನೇ ನೋಡುತ್ತಾ ಕೂತೆವು. ಅದು ಒಂದು ಬೆರಳಿನಷ್ಟು ಮೇಲೆದ್ದಿತು. ಇಕ್ಕ ಉಸಿರು ಹಿಡಿದಿದ್ದರು. ಅಲ್ಲಿಗೇ ನಿಂತಿತು. ತುದಿಯ ಉದ್ದನೆಯ ಎಲೆಗಳು ಕೆಳಗೇ ಬಾಗಿದ್ದವು.

"ಅಳ್ತಾ ಇದೆ," ಅಂದರು ಮೇಷ್ಟ್ರು.

ರೈಟರ್ ನಟ್ಟನ್ನು ಜೇಬಿಗೆ ಹಾಕಿಕೊಂಡು, ಆ ಬೀಗದ ಕೀ ಯಾವುದರದ್ದು ಅಂತ ಕೇಳಿದ.