5800ಎಕ್ಸ್ ಬೇಸಿಗೆಯಲ್ಲಿ 90 ಡಿಗ್ರಿ: ಕೂಲರ್ ಬದಲಿಸಲಾ, ವೋಲ್ಟೇಜ್ ಇಳಿಸಲಾ?

ಕಲಬುರ್ಗಿ ಎಡಿಟರ್
ಎಲ್ಲರಿಗೂ ನಮಸ್ಕಾರ. ನನ್ನದು ಎಎಂಡಿಯ ರೈಜೆನ್ 7 5800ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಒಂದೇ ಟವರಿನ ಏರ್ ಕೂಲರ್. ಎಲ್ಲ ಕೋರ್‌ಗೂ 4.6 ಗಿಗಾಹರ್ಟ್ಸ್ ಫಿಕ್ಸ್ ಮಾಡಿದ್ದೇನೆ. ವೋಲ್ಟೇಜ್ 1.35, ಎಲ್‌ಎಲ್‌ಸಿ (ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್) ಎಲ್ಲಕ್ಕಿಂತ ಬಿಗಿಯಾದ ಮಟ್ಟದಲ್ಲಿದೆ. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಹೊರಗೆ 41 ಡಿಗ್ರಿ, ರೂಮಿನೊಳಗೆ 36. ರೆಂಡರ್ ಹಾಕಿದ ಸ್ವಲ್ಪ ಹೊತ್ತಿಗೇ 90 ದಾಟುತ್ತದೆ, ಕೆಲವೊಮ್ಮೆ ಮಧ್ಯದಲ್ಲೇ ರೀಸ್ಟಾರ್ಟ್ ಆಗುತ್ತದೆ. ಮದುವೆ ವಿಡಿಯೋ ಕೆಲಸ ನನ್ನದು, ರಾತ್ರಿಯಿಡೀ ಓಡಬೇಕು. 360 ಎಂಎಂ ಲಿಕ್ವಿಡ್ ಕೂಲರ್ ತಗೊಂಡರೆ ಸರಿಹೋಗುತ್ತಾ?

ಬೆಸುಗೆ
ತಗೊಳ್ಳಿ ಸರ್, ಯೋಚನೆ ಬೇಡ. ರೆಂಡರ್ ಮಾಡುವವರಿಗೆ ಎಂಟೂ ಕೋರ್ ಒಂದೇ ವೇಗದಲ್ಲಿ ಓಡಬೇಕು. 1.35 ಏನೂ ಜಾಸ್ತಿ ಅಲ್ಲ. ಆಟೋದಲ್ಲಿ ಬಿಟ್ಟರೂ ಈ ಚಿಪ್ 1.45 ತೋರಿಸುತ್ತದೆ. ಎಎಂಡಿಯೇ ಅಷ್ಟು ಕೊಡುವಾಗ ನಾವು 1.35 ಕೊಟ್ಟರೆ ತಪ್ಪೇನು?

ಚಿಪ್ಪಿನೊಳಗೆ
ಬೆಸುಗೆ ಅವರೇ, ಈ ಲೆಕ್ಕ ಒಪ್ಪಲಾರೆ. ಆಟೋದಲ್ಲಿ 1.45 ಕಾಣುವುದು ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ. ಆಗ ಹರಿಯುವ ಕರೆಂಟ್ ಕಡಿಮೆ. ಎಂಟೂ ಕೋರ್ ಮೇಲೆ ಭಾರ ಬಿದ್ದ ಕೂಡಲೇ ಚಿಪ್ ತಾನಾಗಿಯೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಪಿಪಿಟಿ (ಒಟ್ಟು ವಿದ್ಯುತ್ತು) 142 ವ್ಯಾಟ್, ಟಿಡಿಸಿ (ಸತತ ಕರೆಂಟ್) 95 ಆಂಪ್, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್) 140 ಆಂಪ್ ಅನ್ನುವ ಮೂರು ಮಿತಿಗಳು ಅದಕ್ಕೆ ಕಾವಲಿವೆ. ಕೈಯಾರೆ ವೇಗ ಫಿಕ್ಸ್ ಮಾಡಿದರೆ ಈ ಕಾವಲು ಇರುವುದಿಲ್ಲ. ಚಿಪ್ ಸವೆಯುವುದು ವೋಲ್ಟೇಜ್, ಕರೆಂಟ್, ಬಿಸಿ ಮೂರೂ ಸೇರಿ. ಹಾಗಾಗಿ '1.35 ಸೇಫಾ?' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎಷ್ಟು ಕರೆಂಟ್‌ನಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಅಂತ ಕೇಳಬೇಕು. ರಾತ್ರಿಯಿಡೀ 90 ಡಿಗ್ರಿಯಲ್ಲಿ ಅಂದರೆ ನನ್ನ ಉತ್ತರ 'ಬೇಡ' ಅಂತಲೇ.

ಜೊತೆಗೆ, ಈ ಚಿಪ್‌ನ ಬೂಸ್ಟ್ (ತಾನಾಗಿ ಏರುವ ಗರಿಷ್ಠ ವೇಗ) 4.7. ಅದನ್ನು 4.6ಕ್ಕೆ ಕಟ್ಟಿಹಾಕಿದರೆ ಒಂದೇ ಕೋರ್ ಬಳಸುವ ಕೆಲಸಗಳು ಮೊದಲಿಗಿಂತ ನಿಧಾನವಾಗುತ್ತವೆ, ಅಲ್ವಾ?

ತಂಪುನೆರಳು
ಕೂಲರ್ ಬಗ್ಗೆ ಹೇಳುತ್ತೇನೆ. ಏರ್ ಆಗಲಿ ಲಿಕ್ವಿಡ್ ಆಗಲಿ, ರೂಮಿಗಿಂತ ತಣ್ಣಗೆ ಮಾಡಲು ಸಾಧ್ಯವಿಲ್ಲ. ರೂಮು 12 ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ ಸರಿಯಿದ್ದದ್ದು ಈಗ ಕೈಕೊಟ್ಟಿದ್ದು ಅದಕ್ಕೇ.

5800ಎಕ್ಸ್‌ನದು ಇನ್ನೊಂದು ಕಷ್ಟ. ಎಂಟೂ ಕೋರ್ ಸುಮಾರು 80 ಚದರ ಮಿಲಿಮೀಟರಿನ ಒಂದೇ ಸಿಲಿಕಾನ್ ತುಂಡಿನಲ್ಲಿವೆ. ಹೆಚ್ಚಿನ ಬಿಸಿ ಆ ಉಗುರಗಲದ ಜಾಗದಿಂದಲೇ ಹೊರಬರಬೇಕು. ಇದೇ ಸಾಲಿನ 5950ಎಕ್ಸ್‌ಗೂ ಮಿತಿ ಅದೇ 142 ವ್ಯಾಟ್, ಆದರೆ ಕೋರ್‌ಗಳು ಎರಡು ತುಂಡುಗಳಲ್ಲಿ ಹಂಚಿಹೋಗಿರುವುದರಿಂದ ಅದನ್ನು ತಂಪಾಗಿಡುವುದು ಸುಲಭ. ನಿಮ್ಮ ಚಿಪ್‌ನಲ್ಲಿ ಇಕ್ಕಟ್ಟು ಇರುವುದು ಆ ತುಂಡಿನಿಂದ ಕೂಲರ್‌ನ ತಳಕ್ಕೆ ಬಿಸಿ ದಾಟುವಲ್ಲಿ. ರೇಡಿಯೇಟರ್ ದೊಡ್ಡದಾದರೆ ಸ್ವಲ್ಪ ಇಳಿಯುತ್ತದೆ, ಕೊಟ್ಟ ದುಡ್ಡಿನಷ್ಟು ಇಳಿಯುವುದಿಲ್ಲ.

ಬೆಸುಗೆ
ಹಾಗಾದರೆ ರೀಸ್ಟಾರ್ಟ್ ಯಾಕೆ? ಬಿಸಿ ಜಾಸ್ತಿ ಆಗಿಯೇ ತಾನೇ? ಬಿಸಿ ಇಳಿಸಲು ಕೂಲರ್ ಬೇಡವೆಂದರೆ ಹೇಗೆ?

ಚಿಪ್ಪಿನೊಳಗೆ
ಅದೇ ವೇಗಕ್ಕೆ ಬಿಸಿ ಚಿಪ್ ತಣ್ಣಗಿನ ಚಿಪ್‌ಗಿಂತ ಜಾಸ್ತಿ ವೋಲ್ಟೇಜ್ ಕೇಳುತ್ತದೆ. ಜನವರಿಯಲ್ಲಿ 1.35ರಲ್ಲಿ ನಿಂತ 4.6, ಮೇ ತಿಂಗಳಲ್ಲಿ ಅದೇ 1.35ರಲ್ಲಿ ನಿಲ್ಲದಿರಬಹುದು. ಹಾಗಂತ ವೋಲ್ಟೇಜ್ ಏರಿಸಿದರೆ ಬಿಸಿ ಇನ್ನೂ ಏರುತ್ತದೆ. ಹೀಗೆ ಒಂದನ್ನೊಂದು ತಳ್ಳುತ್ತಾ ಹೋಗುತ್ತವೆ.

ಲೆಕ್ಕ ಹಾಕಿ ನೋಡಿ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್‌ನ ಜೊತೆ ವರ್ಗದಲ್ಲಿ ಏರುತ್ತದೆ. 4.6ರಿಂದ 4.4ಕ್ಕೆ, 1.35ರಿಂದ 1.25ಕ್ಕೆ ಇಳಿಸಿ. ವೇಗ ಹೋಗುವುದು ಸುಮಾರು 4 ಶೇಕಡಾ. ವಿದ್ಯುತ್ತು ಇಳಿಯುವುದು ಸುಮಾರು 18 ಶೇಕಡಾ. ಚಿಪ್ ತಣ್ಣಗಾದರೆ ಸುಮ್ನೆ ಸೋರಿಹೋಗುವ ಕರೆಂಟ್ ಕೂಡ ಕಡಿಮೆಯಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಸಿಗುವಾಗ ಮೊದಲು ಕೂಲರ್ ಅಂಗಡಿಗೆ ಯಾಕೆ ಹೋಗಬೇಕು?

ಹಳೇ ಬಯೋಸ್
ಎಲ್‌ಎಲ್‌ಸಿ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಹೆದರಿಕೆ ಇರುವುದು ಅಲ್ಲೇ. ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯಬೇಕು. ಅದು ದೋಷವಲ್ಲ, ಹಾಗೆಂದೇ ಮಾಡಿರುವುದು. ತೀರಾ ಬಿಗಿಯಾದ ಮಟ್ಟದಲ್ಲಿ ಆ ಕುಸಿತ ಇಲ್ಲವಾಗುತ್ತದೆ. ಆದರೆ ಭಾರ ಇಳಿದ ಕ್ಷಣಕ್ಕೆ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮು ಎಷ್ಟು ಕ್ಷಣಿಕವೆಂದರೆ ಸಾಫ್ಟ್‌ವೇರ್‌ನಲ್ಲಿ ಕಾಣುವುದಿಲ್ಲ, ಆಸಿಲೋಸ್ಕೋಪ್ ಬೇಕು. ಮಧ್ಯದ ಮಟ್ಟಕ್ಕೆ ತನ್ನಿ. ಅಂಕಿ ನೋಡಿ ಮೋಸಹೋಗಬೇಡಿ: ಅಸೂಸ್ ಬೋರ್ಡ್‌ನಲ್ಲಿ 1 ಅಂದರೆ ಸಡಿಲ, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ 1 ಅಂದರೆ ಅತಿ ಬಿಗಿ.

ವೋಲ್ಟೇಜ್ ನೋಡುವಾಗ ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ 'ಎಸ್‌ವಿಐ2 ಟಿಎಫ್‌ಎನ್' ಅಂತಿರುವ ಸಾಲು ನೋಡಿ. ಬಯೋಸ್‌ನಲ್ಲಿ ಬರೆದದ್ದು ಬೇರೆ, ಭಾರದಲ್ಲಿ ಚಿಪ್‌ಗೆ ಮುಟ್ಟುವುದು ಬೇರೆ.

ಬೆಸುಗೆ
ಎಲ್‌ಎಲ್‌ಸಿ ಮಾತು ಒಪ್ಪಿದೆ. ಆದರೆ ವೋಲ್ಟೇಜ್ ಅಂದರೆ ಸಾಕು ಎಲ್ಲರೂ ಇಷ್ಟು ಹೆದರುವುದು ನನಗೆ ಸರಿ ಕಾಣುವುದಿಲ್ಲ. ಚಿಪ್‌ನ ಆಯಸ್ಸು ಮುಗಿಯುವ ಮೊದಲೇ ನಾವೇ ಬದಲಿಸಿರುತ್ತೇವೆ.

ಹಳೇ ಬಯೋಸ್
ಇಂಟೆಲ್‌ನ 13, 14ನೇ ತಲೆಮಾರಿನ ಕಥೆ ನೋಡಿದ ಮೇಲೂ ಹಾಗೆ ಹೇಳಬಹುದಾ? ಅಲ್ಲಿ ಓವರ್‌ಕ್ಲಾಕ್ ಮಾಡದವರ ಚಿಪ್‌ಗಳೂ ಕೆಟ್ಟವು. ಚಿಪ್ ತಾನೇ ಜಾಸ್ತಿ ವೋಲ್ಟೇಜ್ ಕೇಳುತ್ತಿದ್ದುದು ಒಂದು ಮುಖ್ಯ ಕಾರಣ. 2024ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ (ಚಿಪ್‌ನೊಳಗಿನ ತಂತ್ರಾಂಶ) 1.55 ವೋಲ್ಟ್‌ಗಿಂತ ಮೇಲೆ ಕೇಳದಂತೆ ತಡೆ ಹಾಕಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಎಎಂಡಿ ಕಡೆಯೂ 2023ರಲ್ಲಿ 7800ಎಕ್ಸ್3ಡಿಯಂಥ ಚಿಪ್‌ಗಳು ಸುಟ್ಟ ಮೇಲೆ ಎಸ್‌ಒಸಿ (ಚಿಪ್‌ನಲ್ಲಿ ಕೋರ್‌ಗಳ ಹೊರಗಿನ ಭಾಗದ) ವೋಲ್ಟೇಜ್‌ಗೆ 1.3ರ ಗಡಿ ಬಂತು. ಈ ಮನುಷ್ಯನ ಸಂಪಾದನೆ ಆ ಕಂಪ್ಯೂಟರ್ ಮೇಲೆ ನಿಂತಿದೆ ಬೆಸುಗೆ ಅವರೇ. ಅವರಿಗೆ ಹೇಳುವಾಗ ಅದು ನೆನಪಿರಲಿ.

ಕಲಬುರ್ಗಿ ಎಡಿಟರ್
ಎಲ್ಲರಿಗೂ ಥ್ಯಾಂಕ್ಸ್. 4.4, 1.25, ಎಲ್‌ಎಲ್‌ಸಿ ಮಧ್ಯಕ್ಕೆ ಹಾಕಿದೆ. ರೂಮು ಅದೇ 36, ರೆಂಡರ್‌ನಲ್ಲಿ 80ರ ಆಸುಪಾಸು ನಿಲ್ಲುತ್ತಿದೆ. ನಿನ್ನೆ ರಾತ್ರಿ ಪೂರ್ತಿ ಓಡಿತು. ಕೂಲರ್ ದುಡ್ಡು ಸದ್ಯಕ್ಕೆ ಉಳಿಯಿತು. ಇದನ್ನೇ ಇಟ್ಟುಕೊಳ್ಳಲಾ, ಕರ್ವ್ ಆಪ್ಟಿಮೈಸರ್ (ಚಿಪ್ ತಾನಾಗಿ ಕೇಳುವ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಕಡೆ ಹೋಗಲಾ?

ಚಿಪ್ಪಿನೊಳಗೆ
ಹೋಗಿ. ಪಿಬಿಒ ಅನ್ನುವ ಎಎಂಡಿಯ ಬೂಸ್ಟ್ ಸೆಟ್ಟಿಂಗ್‌ನಲ್ಲಿ ಪಿಪಿಟಿ 120 ವ್ಯಾಟ್‌ಗೆ ಇಳಿಸಿ, ಕರ್ವ್ ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರು ಮಾಡಿ. ಒಂದೊಂದು ಹೆಜ್ಜೆಗೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಒಂಟಿ ಕೋರ್‌ನ ಬೂಸ್ಟ್ ವಾಪಸ್ ಸಿಗುತ್ತದೆ, ಕಾವಲೂ ಇರುತ್ತದೆ.

ಬೆಸುಗೆ
ನಾನು ಬೇಡ ಅನ್ನುತ್ತೇನೆ. ರಾತ್ರಿಯಿಡೀ ಒಂದೇ ಥರದ ಭಾರ ಇರುವವರಿಗೆ, ಇಳಿಸಿದ ವೋಲ್ಟೇಜ್‌ನ ಫಿಕ್ಸ್ ವೇಗವೇ ನಂಬಿಕಸ್ಥ. ಕರ್ವ್ ತಪ್ಪಾದರೆ ಎಲ್ಲ ಕೋರ್‌ಗೂ ಭಾರ ಹಾಕುವ ಸಿನಿಬೆಂಚ್ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಭಾರವೇ ಇಲ್ಲದಾಗ, ಒಂದು ಕೋರ್ ಮೇಲಕ್ಕೆ ಹಾರುವಾಗ ಸಿಸ್ಟಂ ಬೀಳುತ್ತದೆ.

ಚಿಪ್ಪಿನೊಳಗೆ
ಆ ಮಾತು ನಿಜ. ಅದಕ್ಕೇ ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಓಡಿಸಬೇಕು, ಕೆಲಸವಿಲ್ಲದ ದಿನ ನೋಡಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಲಾಗರ್ 18 ಅನ್ನುವ ಹಾರ್ಡ್‌ವೇರ್ ದೋಷದ ದಾಖಲೆ ಬಂದರೆ ಅದರೊಳಗೆ ಎಪಿಐಸಿ ಐಡಿ ಇರುತ್ತದೆ. ಅದರಿಂದ ಯಾವ ಕೋರ್ ಅಂತ ಹುಡುಕಿ, ಆ ಕೋರ್‌ಗೆ ಮಾತ್ರ ಕರ್ವ್ ಸಡಿಲ ಮಾಡಿ. ಮದುವೆ ಸೀಸನ್ ಮುಗಿಯುವವರೆಗೂ ಬೆಸುಗೆ ಅವರು ಹೇಳಿದ ಹಾಗೆ 4.4ರಲ್ಲೇ ಇರಲಿ.