ಅಪ್‌ಡೇಟ್: ಕರ್ನಲ್ ಹೆಡರ್‌ಗಳ ಗಂಟು ಬಿಡಿಸಿದ ಬಗೆ

ನನ್ನ ಲಿನಕ್ಸ್ ಕರ್ನಲ್ ಡ್ರೈವರ್‌ನಲ್ಲಿ ಎರಡು ಹೆಡರ್‌ಗಳು (ಹಲವು ಸಿ ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್‌ಗಳು) ಒಂದನ್ನೊಂದು ಇನ್‌ಕ್ಲೂಡ್ ಮಾಡಿ ಸೇರಿಸಿಕೊಂಡು, ಕೆಲವು ಸಿ ಫೈಲ್‌ಗಳಲ್ಲಿ ಮಾತ್ರ 'ಇನ್‌ಕಂಪ್ಲೀಟ್ ಟೈಪ್' (ಟೈಪ್‌ನ ಪೂರ್ಣ ವಿವರ ಸಿಕ್ಕಿಲ್ಲ) ಎಂಬ ಎರರ್ ಬರುತ್ತಿದೆ ಎಂದು ಹಿಂದೆ ಕೇಳಿದ್ದೆ. ಈಗ ಬಗೆಹರಿದಿದೆ.

ಹೆಡರ್‌ಗಳು ಹೀಗೆ ಒಂದನ್ನೊಂದು ಸುತ್ತಿಕೊಂಡಾಗ, ಒಂದೇ ಹೆಡರ್ ಎರಡು ಸಲ ಸೇರದಂತೆ ತಡೆಯುವ ಇನ್‌ಕ್ಲೂಡ್ ಗಾರ್ಡ್ ಮದ್ದಲ್ಲ. ಎರಡನೇ ಸಲ ಬಂದಾಗ ಅದು ಹೆಡರನ್ನು ಖಾಲಿ ಮಾಡಿಬಿಡುತ್ತದೆ, ಅಷ್ಟೇ. ಹಾಗಾಗಿಯೇ ಇನ್‌ಕ್ಲೂಡ್‌ಗಳ ಕ್ರಮ ಬದಲಾದರೆ ಎರರ್ ಕೂಡ ಜಾಗ ಬದಲಿಸುತ್ತಿತ್ತು. ಸ್ಟ್ರಕ್ಟ್‌ಗೆ (ಹಲವು ಫೀಲ್ಡ್‌ಗಳ ಕಟ್ಟು) ಬರೀ ಪಾಯಿಂಟರ್, ಅಂದರೆ ವಿಳಾಸ, ಇದ್ದ ಕಡೆಗಳಲ್ಲೆಲ್ಲ ಅದರ ಗಾತ್ರ ಬೇಕಿಲ್ಲ; ಹಾಗಾಗಿ ಇನ್‌ಕ್ಲೂಡ್ ತೆಗೆದು, ಸ್ಟ್ರಕ್ಟ್‌ನ ಹೆಸರನ್ನಷ್ಟೇ ಮುಂಚಿತವಾಗಿ ಘೋಷಿಸಿದೆ. ಸ್ಪಿನ್‌ಲಾಕ್ (ಕರ್ನಲ್‌ನ ಒಂದು ಬಗೆಯ ಲಾಕ್) ಮಾತ್ರ ಸ್ಟ್ರಕ್ಟ್‌ನ ಒಳಗೇ ಕೂತಿತ್ತು. ಅದರ ಗಾತ್ರ ಕಂಪೈಲರ್‌ಗೆ ಗೊತ್ತಿರಲೇಬೇಕು. ಅಲ್ಲಿ ಇಡೀ ಸ್ಪಿನ್‌ಲಾಕ್.ಎಚ್ ಬದಲು ಸ್ಪಿನ್‌ಲಾಕ್_ಟೈಪ್ಸ್.ಎಚ್ ಸಾಕಾಯಿತು. ಹೆಡರ್‌ನಲ್ಲೇ ಬರೆದಿದ್ದ, ಸ್ಟ್ರಕ್ಟ್‌ನ ಒಳಗಿನ ಫೀಲ್ಡ್ ಮುಟ್ಟುವ ಇನ್‌ಲೈನ್ ಫಂಕ್ಷನ್‌ಗಳನ್ನು ಸಿ ಫೈಲ್‌ಗೆ ಸರಿಸಿದೆ. ನಿಜವಾದ ಕಗ್ಗಂಟು ಇದ್ದದ್ದು ಅಲ್ಲೇ.

ಪ್ರತಿ ಸಿ ಫೈಲ್‌ನಲ್ಲೂ ಅದರದೇ ಹೆಡರ್ ಮೊದಲ ಸಾಲಿನಲ್ಲಿದ್ದರೆ, ಆ ಹೆಡರ್‌ನಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಕಂಪೈಲ್ ಮಾಡುವಾಗಲೇ ಸಿಕ್ಕಿಬೀಳುತ್ತದೆ.

ಯೂಸರ್‌ಸ್ಪೇಸ್‌ಗೂ (ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಂಗಳಿಗೂ) ಬೇಕಾದ ಐಆಕ್ಟಲ್ (ioctl, ಡ್ರೈವರ್‌ಗೆ ಆದೇಶ ಕೊಡುವ ಕರೆ) ಸ್ಟ್ರಕ್ಟ್‌ಗಳು, ಅಂಥ ಹೆಡರ್‌ಗಳಿಗೆಂದೇ ಇರುವ ಇನ್‌ಕ್ಲೂಡ್/ಯುಎಪಿಐ ಅಡಿ ಹೋದವು. ಅಲ್ಲಿ ಕರ್ನಲ್‌ನ 32 ಬಿಟ್ ಸಂಖ್ಯೆಯ ಟೈಪ್ ಆದ ಯು32 ನಡೆಯುವುದಿಲ್ಲ, ಮುಂದೆ ಎರಡು ಅಂಡರ್‌ಸ್ಕೋರ್ ಇರುವ __ಯು32 ಬೇಕು. ಫಂಕ್ಷನ್ ಹೆಸರಿನಲ್ಲಿ ಅದೇ __ ಬಂದರೆ ಸಾಮಾನ್ಯವಾಗಿ ಅರ್ಥ ಬೇರೆ: ಒಳಬಳಕೆಯ ರೂಪ, ಎಷ್ಟೋ ಕಡೆ ಕರೆಯುವವರೇ ಲಾಕ್ ಹಿಡಿದಿರಬೇಕು. ಫೈಲ್‌ನಾಚೆ ಕಾಣುವ ಹೆಸರುಗಳಿಗೆಲ್ಲ ಡ್ರೈವರ್‌ನ ಪೂರ್ವಪದ ಹಾಕಿದ್ದೇನೆ. ಸ್ಟ್ಯಾಟಿಕ್ ಆದವು, ಅಂದರೆ ಒಂದೇ ಫೈಲ್‌ನೊಳಗೆ ಕಾಣುವ ಹೆಸರುಗಳು, ಚಿಕ್ಕದಾಗಿಯೇ ಇವೆ.